ಕಾಲರಿನೊಳಗಿನ ಚೀಟಿ

ನನ್ನ ದೊಡ್ಡಮ್ಮನಿಗೆ ಬಟ್ಟೆ ಹೊಲಿಯಲು ಬರುತ್ತದೆ ಎಂದರೆ ಕಡಿಮೆ ಹೇಳಿದ ಹಾಗೆ. ಅವಳಿಗೆ ಹೊಲಿದದ್ದನ್ನು ಬಿಚ್ಚಿ, ಬಿಚ್ಚಿದ್ದು ಯಾರಿಗೂ ಗೊತ್ತಾಗದಂತೆ ಮತ್ತೆ ಹೊಲಿಯಲು ಬರುತ್ತದೆ. ನಾವಿರುವ ಕಟ್ಟಡದ ಮೆಟ್ಟಿಲ ಕೆಳಗೆ ಅವಳ ಅಂಗಡಿ. ಒಂದು ಯಂತ್ರ, ಒಂದು ಇಸ್ತ್ರಿ ಮೇಜು, ಒಂದು ಉದ್ದ ಕನ್ನಡಿ, ಮೂಲೆಯಲ್ಲಿ ಪರದೆ. ಮೂರನೆಯವರು ಒಳಗೆ ಬಂದರೆ ಮೊದಲಿನವರು ಹೊರಗೆ ಹೋಗಬೇಕು. ಸಣ್ಣದಾದದ್ದನ್ನು ದೊಡ್ಡದು, ದೊಡ್ಡದಾದದ್ದನ್ನು ಸಣ್ಣದು ಮಾಡಿಕೊಡುವುದೇ ಅವಳ ಹೆಚ್ಚಿನ ಕೆಲಸ. ಶಾಲೆಯ ಸಮವಸ್ತ್ರಗಳನ್ನೂ ಹೊಲಿಯುತ್ತಿದ್ದಳು.

ಅವಳಿಗೆ ಒಂದು ನಿಯಮವಿತ್ತು. ಯಾರ ಅಳತೆಯನ್ನೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅವಳ ಟೇಪಿನ ಒಂದು ಬದಿಯ ಅಂಕಿಗಳು ಅಳಿಸಿಹೋಗಿದ್ದವು. ಆ ಬದಿಯನ್ನು ಹೊರಗೆ ಮಾಡಿ ಸೊಂಟಕ್ಕೆ ಸುತ್ತಿ, ಹೆಬ್ಬೆರಳಿನ ಉಗುರಿನಿಂದ ಗುರುತು ಹಿಡಿದು, ಪರದೆಯ ಹಿಂದೆ ಹೋಗಿ ಓದಿಕೊಳ್ಳುತ್ತಿದ್ದಳು. ಗಿರಾಕಿಗಳು "ಎಷ್ಟಾಯ್ತು ಟೇಲರಮ್ಮಾ? ದಪ್ಪ ಆಗಿದೀನಾ?" ಎಂದು ಕೇಳಿದರೆ ಅವಳು ನಗುತ್ತಿದ್ದಳು.

"ಟೇಪು ಸುಳ್ಳು ಹೇಳಲ್ಲ ಕಣಮ್ಮಾ. ಹಾಗಂತ ಊರೆಲ್ಲ ಡಂಗುರ ಹೊಡೆಯೋದೂ ಇಲ್ಲ."

ಈ ನಿಯಮ ಎಲ್ಲಿಂದ ಬಂತೆಂದು ಒಮ್ಮೆ ಹೇಳಿದ್ದಳು. ಅವಳು ನನ್ನ ವಯಸ್ಸಿನಲ್ಲಿದ್ದಾಗ ಒಬ್ಬ ಮಾಸ್ತರರ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದಳು. ಮಾಸ್ತರರು ಟೇಪು ಹಿಡಿದು ಅಂಕಿಗಳನ್ನು ಕೂಗುವುದು, ಇವಳು ಬರೆದುಕೊಳ್ಳುವುದು. ಒಂದು ದಿನ ಮದುವೆಯ ಬಟ್ಟೆಗೆಂದು ಒಬ್ಬ ಹುಡುಗಿ ಬಂದಿದ್ದಳು. ಮಾಸ್ತರರು ಅವಳ ಸೊಂಟದ ಅಳತೆ ಕೂಗಿದಾಗ ಕಾಯುತ್ತ ಕುಳಿತಿದ್ದವರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಹುಡುಗಿ ಅಂಗಡಿಯಿಂದ ಇಳಿದು ಹೋದಳು. ಅವಳ ಬಟ್ಟೆ ಎರಡು ವರ್ಷ ಕಪಾಟಿನಲ್ಲೇ ಇತ್ತು, ಯಾರೂ ಕೇಳಿಕೊಂಡು ಬರಲಿಲ್ಲ. "ಕೂಗಿದ್ದು ಮಾಸ್ತರರು. ಆದ್ರೆ ಬರೆದ ಕೈ ನಂದೇ ಅಲ್ವಾ," ಎಂದಿದ್ದಳು ದೊಡ್ಡಮ್ಮ.

ನನ್ನನ್ನು ಹೆತ್ತವಳು ಅವಳ ತಂಗಿ. ಅಮ್ಮ ದೊಡ್ಡ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಮಾಡುತ್ತಾಳೆ, ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತರವರೆಗೆ. ಅಪ್ಪ ನನಗೆ ನೆನಪಿಲ್ಲ. ದೊಡ್ಡಮ್ಮ ಮದುವೆಯಾಗಿ ಎರಡೇ ವರ್ಷಕ್ಕೆ ಒಂಟಿಯಾದವಳು, ಮಕ್ಕಳಿಲ್ಲ. ಹಾಗಾಗಿ ಇಬ್ಬರು ಅಕ್ಕತಂಗಿಯರ ನಡುವೆ ನಾನೊಬ್ಬಳೇ.

ಹನ್ನೊಂದನೆಯ ವಯಸ್ಸಿನವರೆಗೆ ನಾನು ಕಡ್ಡಿಯಂತಿದ್ದೆ. ಶಾಲೆಗೆ ನಡೆದು ಹೋಗುತ್ತಿದ್ದೆ, ಸಂಜೆ ಎದುರಿನ ಬಯಲಿನಲ್ಲಿ ಕತ್ತಲಾಗುವವರೆಗೆ ಓಡುತ್ತಿದ್ದೆ. ಮೊದಲು ಹೋದದ್ದು ಬಯಲು. ಅದಕ್ಕೆ ತಂತಿ ಬೇಲಿ ಹಾಕಿ ವಾಹನ ನಿಲ್ಲಿಸುವ ಜಾಗ ಮಾಡಿದರು. ಆಮೇಲೆ ನಡಿಗೆ ಹೋಯಿತು. ಶಾಲೆಯ ದಾರಿಯಲ್ಲಿ ಒಂದು ಗ್ಯಾರೇಜಿತ್ತು, ಅಲ್ಲಿ ನಿಲ್ಲುವವರು ಹುಡುಗಿಯರಿಗೆ ಒಂದೊಂದು ಮಾತು ಎಸೆಯುತ್ತಿದ್ದರು. ಒಂದು ಸಂಜೆ ನಾನು ಅಳುತ್ತ ಬಂದೆ. ಮರುದಿನವೇ ದೊಡ್ಡಮ್ಮ ನನಗೆ ಶಾಲೆಯ ವ್ಯಾನು ಗೊತ್ತು ಮಾಡಿದಳು. ಮನೆ ಬಾಗಿಲಿನಿಂದ ಶಾಲೆಯ ಬಾಗಿಲಿಗೆ.

ಶಾಲೆ ಬಿಟ್ಟ ಮೇಲೆ ನಾನು ಅಂಗಡಿಯ ಪರದೆಯ ಹಿಂದೆ ಸ್ಟೂಲಿನ ಮೇಲೆ ಕೂರುತ್ತಿದ್ದೆ. ಕೈಯಲ್ಲಿ ದೊಡ್ಡಮ್ಮನ ಫೋನು. ಪಕ್ಕದ ಬೇಕರಿಯವರ ಹೆಂಡತಿಯನ್ನು ನಾವು ಬೇಕರಿಯಕ್ಕ ಎನ್ನುತ್ತೇವೆ. ಅವಳು ಅಂದು ಮಾರಾಟವಾಗದೆ ಉಳಿದ ಬನ್ನುಗಳನ್ನು ತಂದು ನನ್ನ ತೊಡೆಯ ಮೇಲೆ ಇಡುತ್ತಿದ್ದಳು.

"ತಿನ್ನೇ ಮಗಳೇ, ಬೆಳೆಯೋ ವಯಸ್ಸು. ನೋಡಿ ಟೇಲರಮ್ಮಾ, ಈಗ ಮೈಕೈ ತುಂಬ್ಕೊಂಡು ಎಷ್ಟು ಲಕ್ಷಣವಾಗಿದಾಳೆ! ಮುಂಚೆ ಒಳ್ಳೆ ಕೊಡೆಕಡ್ಡಿ ಹಾಗಿದ್ಲು."

"ನಿಮ್ಮ ದೃಷ್ಟಿನೇ ತಾಗತ್ತೆ, ಸುಮ್ನಿರಿ," ಎಂದು ದೊಡ್ಡಮ್ಮ ನಗುತ್ತಿದ್ದಳು. ಅವಳ ಮುಖದಲ್ಲಿ ಹೆಮ್ಮೆ ಇರುತ್ತಿತ್ತು. ನಾನದನ್ನು ನೋಡುತ್ತಿದ್ದೆ, ಇನ್ನೊಂದು ಬನ್ನು ತೆಗೆದುಕೊಳ್ಳುತ್ತಿದ್ದೆ.

ಏಳಕ್ಕೆ ದೊಡ್ಡಮ್ಮ ಊಟ ಹಾಕುತ್ತಿದ್ದಳು. ಹನ್ನೊಂದಕ್ಕೆ ಅಮ್ಮ ಕ್ಯಾಂಟೀನಿನಲ್ಲಿ ಉಳಿದದ್ದನ್ನು ಕಟ್ಟಿಸಿಕೊಂಡು ಬರುತ್ತಿದ್ದಳು. ಅಮ್ಮನ ಜೊತೆ ಕೂರಲು ನನಗಿದ್ದದ್ದು ಆ ಅರ್ಧ ಗಂಟೆ ಮಾತ್ರ. ಕೈ ಕಟ್ಟಿಕೊಂಡು ಕುಳಿತರೆ ಅಮ್ಮ "ನೀನು ತಿನ್ನದಿದ್ರೆ ನಂಗೂ ಬೇಡ" ಎನ್ನುತ್ತಿದ್ದಳು. ಹಾಗಾಗಿ ಎರಡನೆಯ ಸಲ ಉಣ್ಣುತ್ತಿದ್ದೆ. ಬೆಳಿಗ್ಗೆ ಆರಕ್ಕೆ ಎದ್ದು, ಅಮ್ಮ ಏಳುವ ಮೊದಲೇ ಹೊರಟು, ವ್ಯಾನಿನಲ್ಲಿ ತೂಕಡಿಸುತ್ತಿದ್ದೆ.

ಇನ್ನು ಚೀಟಿಯ ಮಾತು. ಆರನೆಯ ತರಗತಿಯಲ್ಲಿ ಒಬ್ಬಳು ನನ್ನ ಅಂಗಿಯ ಕಾಲರ್ ಹಿಂದಕ್ಕೆ ಮಡಿಸಿ ನೋಡಿ "ಇದ್ರಲ್ಲಿ ಚೀಟಿನೇ ಇಲ್ಲ, ಮನೇಲಿ ಹೊಲಿದಿದ್ದು" ಎಂದಳು. ನಾನು ಬಂದು ದೊಡ್ಡಮ್ಮನಿಗೆ ಹೇಳಿದೆ. ಅವಳು ಹಿಂದೆ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿದ್ದಾಗ ತಂದಿಟ್ಟುಕೊಂಡಿದ್ದ ಒಂದು ಸುರುಳಿ ತೆಗೆದಳು. ಬಿಳಿ ಪಟ್ಟಿಯ ಮೇಲೆ ಕೆಂಪು ದಾರದಲ್ಲಿ ಸಾಲಾಗಿ ಎಂ, ಎಂ, ಎಂ. ಎಂ ಎಂದರೆ ಮೀಡಿಯಂ. ಇಡೀ ಸುರುಳಿಯಲ್ಲಿ ಬೇರೆ ಅಳತೆಯ ಚೀಟಿಯೇ ಇರಲಿಲ್ಲ.

"ನಾನು ಸಣ್ಣ ಇದೀನಲ್ಲ ದೊಡ್ಡಮ್ಮ, ಎಂ ಯಾಕೆ?"

"ಬೆಳೀತೀಯಲ್ಲೇ. ಬೆಳೆದ್ಮೇಲೆ ಸರಿಹೋಗತ್ತೆ ಬಿಡು."

ಸರಿಹೋಯಿತು ಕೂಡ. ಹೆಚ್ಚುಕಡಿಮೆ ಒಂದು ವರ್ಷ ಆ ಚೀಟಿ ನಿಜವನ್ನೇ ಹೇಳಿತು. ಆಮೇಲೆ ನಾನು ಅದನ್ನು ದಾಟಿ ಹೋದೆ, ಚೀಟಿ ಅಲ್ಲೇ ಉಳಿಯಿತು.

ಒಂದೆರಡು ತಿಂಗಳಿಗೊಮ್ಮೆ, ಭಾನುವಾರ ಇಸ್ತ್ರಿ ಮಾಡುವಾಗ, ದೊಡ್ಡಮ್ಮ ನನ್ನ ಲಂಗದ ಪಕ್ಕದ ಹೊಲಿಗೆ ಬಿಚ್ಚಿ, ಒಳಗೆ ಮಡಿಸಿಟ್ಟಿದ್ದ ಬಟ್ಟೆಯಲ್ಲಿ ಒಂದೆಳೆಯಷ್ಟು ಹೊರಬಿಟ್ಟು ಮತ್ತೆ ಹೊಲಿಯುತ್ತಿದ್ದಳು. ಅದು ಮುಗಿದಾಗ ನೆರಿಗೆಗಳ ಕೆಳಗೆ ಅದೇ ಬಣ್ಣದ ಪಟ್ಟಿ ಸೇರಿಸುತ್ತಿದ್ದಳು. ಇದು ನನಗೆ ಗೊತ್ತಿರಲಿಲ್ಲ. ನನ್ನ ಬಟ್ಟೆ ಎಂದೂ ಬಿಗಿಯಾಗಲಿಲ್ಲ. ಗುಂಡಿ ಎಂದೂ ಹಾರಲಿಲ್ಲ. ಅಮ್ಮ "ಮೂರು ವರ್ಷದಿಂದ ಅದೇ ಲಂಗ, ಎಷ್ಟು ಬಾಳಿಕೆ ಬಂತು ನೋಡು" ಎಂದು ಖುಷಿಪಡುತ್ತಿದ್ದಳು.

ನನಗೇನೂ ಗೊತ್ತೇ ಇರಲಿಲ್ಲ ಎಂದರೆ ಅದು ಪೂರ್ತಿ ನಿಜವಲ್ಲ. ಅಂಗಡಿಯಲ್ಲಿ ಕನ್ನಡಿಯಿತ್ತು. ಎರಡನೆಯ ಮಹಡಿಗೆ ಹತ್ತುವಾಗ ಏದುಸಿರು ಬರುತ್ತಿತ್ತು. ಆಟದ ಪಿರಿಯಡ್ಡಿನಲ್ಲಿ ತಲೆನೋವೆಂದು ಕೂರುತ್ತಿದ್ದೆ. ಆದರೆ ಅನುಮಾನ ಬಂದಾಗಲೆಲ್ಲ ಬಾತ್‌ರೂಮಿನಲ್ಲಿ ಅಂಗಿ ಬಿಚ್ಚಿ ಕಾಲರ್ ತಿರುಗಿಸಿ ನೋಡುತ್ತಿದ್ದೆ. ಎಂ ಅಂತಲೇ ಇರುತ್ತಿತ್ತು. ಮನಸ್ಸು ಹಗುರಾಗುತ್ತಿತ್ತು. ನಂಬಬೇಕೆಂದಿರುವವರಿಗೆ ಅಷ್ಟು ಸಾಕಾಗುತ್ತದೆ.

ಒಂಬತ್ತನೆಯ ತರಗತಿಯ ಮೊದಲ ತಿಂಗಳಲ್ಲಿ ಶಾಲೆಯವರು ಸಮವಸ್ತ್ರ ಬದಲಾಯಿಸಿದರು. ಇನ್ನು ಮೇಲೆ ಎಲ್ಲರಿಗೂ ಒಂದೇ ಕಡೆಯಿಂದ ಬಂದ ಸಿದ್ಧ ಉಡುಪು. ಸಭಾಂಗಣದಲ್ಲಿ ಬಟ್ಟೆಯ ಕಟ್ಟುಗಳನ್ನು ಅಳತೆಯ ಪ್ರಕಾರ ಜೋಡಿಸಿಟ್ಟು ಆಟದ ಮೇಷ್ಟ್ರು ಮೇಜಿನ ಹಿಂದೆ ನಿಂತಿದ್ದರು. ಒಬ್ಬೊಬ್ಬರೇ ಹೋಗಿ ತಮ್ಮ ಅಳತೆ ಹೇಳಬೇಕು. ನನ್ನ ಮುಂದಿದ್ದವಳು "ಸ್ಮಾಲ್ ಸಾರ್" ಎಂದಳು. ನನ್ನ ಸರದಿ ಬಂತು.

"ಮೀಡಿಯಂ ಸಾರ್," ಎಂದೆ.

ಮೇಷ್ಟ್ರು ತಲೆಯೆತ್ತಿ ನೋಡಿದರು. ಅವರು ಕೆಟ್ಟವರಲ್ಲ. ಮೈದಾನದಲ್ಲಿ ಕೂಗಿ ಕೂಗಿ ಅವರಿಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿತ್ತು. "ಮೀಡಿಯಮ್ಮಾ? ಯಾರು ಹೇಳಿದ್ದು?" ಎಂದು ಕೇಳಿದರು.

"ನನ್ನ ಅಂಗೀಲಿ ಹಾಗೇ ಇದೆ ಸಾರ್."

ಹಿಂದೆ ಯಾರೋ ನಕ್ಕರು. ಆಮೇಲೆ ಸಾಲು ಪೂರ್ತಿ ನಕ್ಕಿತು. ಮೇಷ್ಟ್ರು "ಏಯ್, ಸದ್ದು!" ಎಂದು ಗದರಿಸಿ ಎಲ್ಲಕ್ಕಿಂತ ದೊಡ್ಡ ಅಳತೆಯ ಲಂಗ ತೆಗೆದು ನನ್ನ ಸೊಂಟಕ್ಕೆ ಹಿಡಿದು ನೋಡಿದರು. ಎರಡು ತುದಿಗಳ ನಡುವೆ ಒಂದು ಗೇಣು ಜಾಗ ಉಳಿಯಿತು. "ಇನ್ನೊಂದೂ ತಗೊಂಡ್ಹೋಗು. ಎರಡನ್ನೂ ಸೇರಿಸಿ ಹೊಲಿಸ್ಕೋಬಹುದು," ಎಂದರು. ಅವರು ಸಹಾಯವೆಂದೇ ಹೇಳಿದ್ದು. ಅಂದಿನ ಮಧ್ಯಾಹ್ನದಿಂದ ನನ್ನ ಹೆಸರು ಮೀಡಿಯಂ ಆಯಿತು. ಸಂಜೆ ವ್ಯಾನಿನಲ್ಲಿ ಚಿಕ್ಕ ತರಗತಿಯ ಮಕ್ಕಳೂ "ಮೀಡಿಯಕ್ಕಾ, ಸ್ವಲ್ಪ ಸರ್ಕೊಳ್ಳಿ" ಎಂದರು.

ಮನೆಗೆ ಬಂದು ನನ್ನ ಬಟ್ಟೆಗಳನ್ನೆಲ್ಲ ಹಾಸಿಗೆಯ ಮೇಲೆ ಹಾಕಿ ಒಳಮೈ ಹೊರಗೆ ಮಾಡಿದೆ. ಹಳೆಯ ಲಂಗದ ಪಕ್ಕದಲ್ಲಿ ಸೂಜಿ ಹೋದ ಸಣ್ಣ ತೂತುಗಳ ಸಾಲುಗಳಿದ್ದವು. ಇರುವೆಗಳು ಸಾಲಾಗಿ ಹೋದ ಹಾಗೆ ಒಂದರ ಪಕ್ಕ ಒಂದು. ಹನ್ನೊಂದು ಸಾಲು ಎಣಿಸಿದೆ. ದೊಡ್ಡಮ್ಮ ಅಂಗಡಿ ಮುಚ್ಚಿ ಮೇಲೆ ಬಂದವಳು ಬಾಗಿಲಲ್ಲೇ ನಿಂತಳು.

"ನಿಂಗೆ ಗೊತ್ತಿತ್ತು," ಎಂದೆ.

"ಗೊತ್ತಿತ್ತು."

"ಪ್ರತಿ ಸಲ ಬಿಚ್ಚುವಾಗ್ಲೂ ಗೊತ್ತಿತ್ತು. ಯಾಕೆ ಹೇಳ್ಲಿಲ್ಲ?"

"ಹೇಗೆ ಹೇಳ್ಲೇ? ಹೇಳಿದ್ರೆ ನಿನ್ನ ಮುಖ ಸಪ್ಪಗಾಗತ್ತೆ ಅಂತ..."

"ಈಗ ಹೇಗಿದೆ ನನ್ನ ಮುಖ?"

ಅವಳು ಒಂದೊಂದೇ ಬಟ್ಟೆಯನ್ನು ಎತ್ತಿ ಮಡಿಸತೊಡಗಿದಳು. ನಾನು ಅವಳ ಕೈಯಿಂದ ಕಿತ್ತುಕೊಂಡೆ. ಅವಳ ಕೈಯಿಂದ ಏನನ್ನಾದರೂ ಕಿತ್ತುಕೊಂಡದ್ದು ಅದೇ ಮೊದಲು.

ಮರುದಿನ ಶಾಲೆಗೆ ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. ಹೊಟ್ಟೆನೋವು, ಜ್ವರ, ತಲೆಸುತ್ತು ಎಂದು ಒಂದೊಂದು ದಿನ ಒಂದೊಂದು ಹೇಳಿದೆ. ಮೂರನೆಯ ವಾರ ಅಮ್ಮ ರಜೆ ಹಾಕಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು. ದೊಡ್ಡಮ್ಮನೂ ಬಂದಳು. ಅಲ್ಲಿನ ನರ್ಸು ವಯಸ್ಸಾದವರು, ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡಿದ್ದರು. ತೂಕ ನೋಡಿದರು, ಬರೆದುಕೊಂಡರು, ಏನೂ ಹೇಳಲಿಲ್ಲ. ನಂತರ ನನ್ನ ಕೂದಲನ್ನು ಪಕ್ಕಕ್ಕೆ ಸರಿಸಿ ಕತ್ತಿನ ಹಿಂಭಾಗ ನೋಡಿದರು.

"ಈ ಕಪ್ಪು ಎಷ್ಟು ದಿನದಿಂದ ಇದೆ?"

"ಒಂದೂವರೆ ವರ್ಷದಿಂದ ಇದೆ ಸಿಸ್ಟರ್," ಎಂದಳು ದೊಡ್ಡಮ್ಮ. "ಬೆವರಿನ ಕೊಳೆ. ನಾನೇ ಸೋಪು ಹಾಕಿ ಉಜ್ಜುತೀನಿ, ಹೋಗ್ತಾನೇ ಇಲ್ಲ. ಕಾಲರಿನ ಚೀಟಿ ಒರಟಾಗಿ ಉಜ್ಜತ್ತೇನೋ ಅಂತ ಅದನ್ನ ಬಿಚ್ಚಿ ಮೆತ್ತಗಿನ ಬಟ್ಟೆ ಮೇಲೆ ಇಟ್ಟು ಹೊಲಿದೆ."

"ಇದು ಕೊಳೆ ಅಲ್ಲಮ್ಮಾ. ಉಜ್ಜಬೇಡಿ. ಒಳಗಡೆ ಸಕ್ಕರೆ ಸರಿಯಾಗಿ ಖರ್ಚಾಗ್ತಿಲ್ಲ ಅಂತ ಮೈ ಹೇಳ್ತಿದೆ. ರಕ್ತ ಪರೀಕ್ಷೆ ಮಾಡೋಣ."

ಆಮೇಲೆ ಅವರು ಪ್ರಶ್ನೆಗಳನ್ನು ಕೇಳಿದರು. ಶಾಲೆಗೆ ಹೇಗೆ ಹೋಗುತ್ತಾಳೆ? ವ್ಯಾನಿನಲ್ಲಿ. ಸಂಜೆ ಆಟ? ಜಾಗವಿಲ್ಲ. ಎಷ್ಟು ಹೊತ್ತಿಗೆ ಮಲಗುತ್ತಾಳೆ? ಈ ಪ್ರಶ್ನೆಗೆ ದೊಡ್ಡಮ್ಮ ಅಮ್ಮನ ಕಡೆ ನೋಡಿದಳು, ಅಮ್ಮ ಗೋಡೆಯ ಕಡೆ ನೋಡಿದಳು. ಏನು ತಿನ್ನುತ್ತಾಳೆ ಎಂದಾಗ ಅಮ್ಮನೂ ದೊಡ್ಡಮ್ಮನೂ ಒಟ್ಟಿಗೆ ಬಾಯಿ ತೆರೆದು ಒಟ್ಟಿಗೆ ಸುಮ್ಮನಾದರು. ನರ್ಸು ಯಾರನ್ನೂ ಬೈಯಲಿಲ್ಲ. "ಈಗ ದಿನಾ ಹತ್ತು ಮಕ್ಕಳು ಹೀಗೇ ಬರ್ತಾರೆ. ಇವಳೊಬ್ಬಳೇ ಅಲ್ಲ, ನೀವೊಬ್ಬರೇ ಅಲ್ಲ. ಸ್ವಲ್ಪ ಮುಂಚೆ ಬಂದಿದ್ರೆ ಚೆನ್ನಾಗಿರ್ತಿತ್ತು, ಅಷ್ಟೇ," ಎಂದರು.

ಎರಡು ದಿನದ ನಂತರ ರಕ್ತದ ಫಲಿತಾಂಶ ಬಂತು. ಸಕ್ಕರೆ ಕಾಯಿಲೆ ಇನ್ನೂ ಒಳಗೆ ಬಂದಿಲ್ಲ, ಹೊಸ್ತಿಲ ಮೇಲೆ ನಿಂತಿದೆ ಎಂದರು.

ಅಂದು ಅಮ್ಮ ಚಪ್ಪಲಿಯನ್ನೂ ಬಿಚ್ಚದೆ ಅಡುಗೆಮನೆಯಲ್ಲಿ ನಿಂತು ಮಾತಾಡಿದಳು. ಗಟ್ಟಿಯಾಗಿ ಅಲ್ಲ.

"ಉಗುರಲ್ಲಿ ಹೋಗೋದನ್ನ ಕೊಡಲಿ ತನಕ ತಂದಿಟ್ಯಲ್ಲಾ ಅಕ್ಕಾ. ನಾನಂತೂ ಇವಳನ್ನ ಬೆಳಕಲ್ಲಿ ನೋಡೋದು ವಾರಕ್ಕೊಂದಿನ. ನಿನ್ನ ಕೈಯಲ್ಲಿ ಟೇಪಿತ್ತು. ನನ್ನ ಕೈಯಲ್ಲಿ ಏನಿತ್ತು?"

ದೊಡ್ಡಮ್ಮ ಒಲೆಯ ಮೇಲಿದ್ದ ಹಾಲನ್ನೇ ನೋಡುತ್ತಿದ್ದಳು. ಅದು ಉಕ್ಕಿ ಚೆಲ್ಲಿತು. ಅವಳು ಕೈ ಅಲ್ಲಾಡಿಸಲಿಲ್ಲ. ಆ ದಿನದ ನಂತರ ಅಕ್ಕತಂಗಿಯರು ನನ್ನ ಮೂಲಕವೇ ಮಾತಾಡತೊಡಗಿದರು. "ನಿಮ್ಮಮ್ಮಂಗೆ ಹೇಳು." "ನಿನ್ನ ದೊಡ್ಡಮ್ಮನ್ನ ಕೇಳು."

ಊಟ ಬದಲಾಯಿತು. ಬೇಕರಿಯಕ್ಕನಿಗೆ ದೊಡ್ಡಮ್ಮ ಕೈಮುಗಿದು ಬೇಡವೆಂದಳು. ಅಮ್ಮ ಕ್ಯಾಂಟೀನಿನಿಂದ ಬರಿಗೈಯಲ್ಲಿ ಬಂದು ಒಬ್ಬಳೇ ಉಣ್ಣುವುದನ್ನು ಕಲಿತಳು. ಆದರೆ ನಾನು ಶಾಲೆಗೆ ಹೋಗಲಿಲ್ಲ.

ಶಾಲೆಯಿಂದ ಪತ್ರ ಬಂತು. ನಲವತ್ತು ದಿನ ಗೈರುಹಾಜರು. ಬರುವ ಸೋಮವಾರದೊಳಗೆ ಬರದಿದ್ದರೆ ಹೆಸರು ತೆಗೆಯಲಾಗುವುದು. ಪತ್ರವನ್ನು ದೊಡ್ಡಮ್ಮ ಎರಡು ಸಲ ಓದಿಸಿಕೊಂಡಳು. ಅವಳು ಎಂಟನೆಯ ತರಗತಿಯನ್ನು ಅರ್ಧಕ್ಕೆ ಬಿಟ್ಟವಳು. ನಾನು ಹತ್ತು ಮುಗಿಸಿ, ಯಂತ್ರದ ಮುಂದಲ್ಲ, ಆಫೀಸಿನ ಮೇಜಿನ ಮುಂದೆ ಕೂರಬೇಕು ಎನ್ನುವುದು ಅವಳಿಗಿದ್ದ ಒಂದೇ ಆಸೆ. ಅದನ್ನು ಅವಳು ಯಾರ ಮುಂದೆ ಬೇಕಾದರೂ ಹೇಳುತ್ತಿದ್ದಳು.

ಶಾಲೆಯವರು ಕೊಟ್ಟಿದ್ದ ಎರಡು ಲಂಗಗಳನ್ನು ಅವಳು ಬಿಚ್ಚಿ ಒಂದು ಮಾಡಿದಳು. ಮೂರು ದಿನ ಬೇರೆ ಯಾವ ಕೆಲಸವನ್ನೂ ಮುಟ್ಟಲಿಲ್ಲ. ನೆರಿಗೆಗೆ ನೆರಿಗೆ ಕೂಡಿಸಿದ್ದಳು, ಎಲ್ಲಿ ಜೋಡಿಸಿದ್ದೆಂದು ನನಗೂ ಹುಡುಕಲು ಆಗಲಿಲ್ಲ. ಭಾನುವಾರ ಸಂಜೆ ಅದನ್ನು ನನ್ನ ಮುಂದೆ ಇಟ್ಟಳು. ಒಳಗೆ ಯಾವ ಚೀಟಿಯೂ ಇರಲಿಲ್ಲ.

"ಹಾಕ್ಕೊಂಡು ನೋಡು. ನನ್ನ ಮೇಲಿನ ಸಿಟ್ಟು ನನ್ನ ಮೇಲಿರ್ಲಿ. ಶಾಲೆ ಮೇಲೆ ತೋರಿಸ್ಬೇಡ."

ಸೋಮವಾರ ಅದನ್ನು ಹಾಕಿಕೊಂಡೆ. ಸರಿಯಾಗಿ ಕೂತಿತು. ದೊಡ್ಡಮ್ಮ ವ್ಯಾನಿನಲ್ಲಿ ನನ್ನ ಪಕ್ಕ ಕುಳಿತು ಬಂದಳು. ಗೇಟಿನವರೆಗೆ ನಾನು ಹೋಗಬಲ್ಲೆ ಎಂದೇ ಅಂದುಕೊಂಡಿದ್ದೆ, ಹೋದೆ ಕೂಡ. ಅಂಗಳದ ಅರ್ಧ ದಾಟಿದೆವು. ನೀರಿನ ನಲ್ಲಿಯ ಹತ್ತಿರ ನಿಂತಿದ್ದ ನನ್ನ ತರಗತಿಯವಳೊಬ್ಬಳು "ಹೇ, ಮೀಡಿಯಂ ಬಂದ್ಲು!" ಎಂದಳು. ಅವಳ ದನಿಯಲ್ಲಿ ಕುಹಕವಿರಲಿಲ್ಲ. ನಾನು ಬಂದದ್ದಕ್ಕೆ ಅವಳಿಗೆ ಖುಷಿಯೇ ಆಗಿತ್ತೆಂದು ಈಗ ಅನಿಸುತ್ತದೆ. ಆದರೆ ನನ್ನ ಕಾಲು ಅಲ್ಲಿಗೇ ನಿಂತಿತು. ಆಫೀಸಿನ ಹೊರಗಿನ ಬೆಂಚಿನ ಮೇಲೆ ಕುಳಿತುಬಿಟ್ಟೆ.

"ಕೂತ್ಕೋ, ಪರವಾಗಿಲ್ಲ. ಸ್ವಲ್ಪ ಸುಧಾರಿಸ್ಕೋ," ಎಂದಳು ದೊಡ್ಡಮ್ಮ.

ಗಂಟೆ ಹೊಡೆಯಿತು. ಅಂಗಳ ಖಾಲಿಯಾಯಿತು. ಮೇಲಿನ ಕೋಣೆಗಳಿಂದ ಹಾಜರಿ ಕೂಗುವುದು ಕೇಳಿಸಿತು.

"ಹೋಗಲ್ವಾ?"

"ಇಲ್ಲ."

"ಇವತ್ತೊಂದಿನಾನಾ?"

ನಾನು ಅಲ್ಲವೆಂದು ತಲೆಯಾಡಿಸಿದೆ. ಅವಳು ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಬೇಡಿಕೊಂಡಿದ್ದರೆ ನಾನು ಎದ್ದು ಹೋಗುತ್ತಿದ್ದೆನೋ ಏನೋ. ಅವಳು ಬೇಡಿಕೊಳ್ಳಲಿಲ್ಲ. ತೋಳಿನಿಂದಲೇ ಮುಖ ಒರೆಸಿಕೊಂಡು ಆಫೀಸಿನೊಳಗೆ ಹೋದಳು. ಕಿಟಕಿ ತೆರೆದಿತ್ತು. ಗುಮಾಸ್ತರು ಶಾಲೆ ಬಿಡುವ ಅರ್ಜಿ ತುಂಬತೊಡಗಿದರು.

"ಬಿಡೋಕೆ ಕಾರಣ ಏನಂತ ಹಾಕ್ಲಿ?"

"ಅವಳ ದೊಡ್ಡಮ್ಮ ಅವಳಿಗೆ ನಿಜ ಹೇಳ್ಲಿಲ್ಲ ಅಂತ ಹಾಕಿ."

"ಏನು?"

"ಮೂರು ವರ್ಷ ಮುಚ್ಚಿಟ್ಲು ಅಂತ."

"ತಾಯಿ, ಹಾಗೆಲ್ಲ ಬರೆಯೋಕೆ ಬರಲ್ಲ. ಇಲ್ಲಿರೋದು ಮೂರೇ. ಮನೆ ಬದಲಾಯಿಸಿದ್ದು, ಅನಾರೋಗ್ಯ, ಸ್ವಂತ ಕಾರಣ. ಯಾವುದಕ್ಕೆ ಗುರುತು ಹಾಕ್ಲಿ?"

"ಮಗು ಮೇಲೆ ಕಾಯಿಲೆ ಅಂತ ಬರೀಬೇಡಿ. ಸ್ವಂತ ಕಾರಣ ಅಂತ್ಲೇ ಹಾಕಿ. ನನ್ನ ಸ್ವಂತ."

ಬೆಂಚಿನಿಂದ ಆ ಬಾಗಿಲಿಗೆ ನಾಲ್ಕು ಹೆಜ್ಜೆ. ನಾನು ಒಳಗೆ ಹೋಗಿ, ಅದು ಅವಳೊಬ್ಬಳದೇ ಅಲ್ಲ ಎನ್ನಬೇಕಿತ್ತು. ಬೇಲಿ ಹಾಕಿದವರಿದ್ದಾರೆ, ಗ್ಯಾರೇಜಿನ ಮುಂದೆ ನಿಂತವರಿದ್ದಾರೆ, ಅಮ್ಮನನ್ನು ಹತ್ತರವರೆಗೆ ಬಿಡದ ಕೆಲಸವಿದೆ, ಕಾಲರ್ ತಿರುಗಿಸಿ ನೋಡಿ ಸಮಾಧಾನ ಮಾಡಿಕೊಂಡ ನಾನಿದ್ದೇನೆ. ಇದೆಲ್ಲ ಆಗಲೇ ನನ್ನ ತಲೆಯಲ್ಲಿತ್ತು, ಈಗ ಯೋಚಿಸಿ ಸೇರಿಸಿದ್ದಲ್ಲ. ಆದರೂ ಏಳಲಿಲ್ಲ. ಅವಳು ಸಹಿ ಮಾಡುವಾಗ ಪೆನ್ನಿನ ಸದ್ದು ಕೇಳುವಷ್ಟು ಹತ್ತಿರದಲ್ಲಿ ಸುಮ್ಮನೆ ಕುಳಿತಿದ್ದೆ.

ಹೊರಗೆ ಬಂದಾಗ ವ್ಯಾನು ಹೋಗಿಯಾಗಿತ್ತು. "ನಡ್ಕೊಂಡು ಹೋಗೋಣ್ವಾ?" ಎಂದಳು. ಅವಳಿಗೆ ಮಂಡಿನೋವು, ನನಗೆ ಅಭ್ಯಾಸವಿಲ್ಲ. ಎರಡು ರಸ್ತೆ ದಾಟುವಷ್ಟರಲ್ಲಿ ಇಬ್ಬರೂ ಏದುಸಿರು ಬಿಡುತ್ತಿದ್ದೆವು. ಬಾಗಿಲು ಹಾಕಿದ್ದ ಒಂದು ಅಂಗಡಿಯ ಮೆಟ್ಟಿಲ ಮೇಲೆ ಅವಳು ಕುಳಿತಳು. ನನಗೂ ಜಾಗ ಬಿಟ್ಟಳು. ಬಹಳ ಜಾಗ ಬಿಟ್ಟಳು, ಒತ್ತಿಕೊಳ್ಳದೆ ಕೂರುವಷ್ಟು.

"ಆಯಾಸ ಆಯ್ತೇನೇ?"

"ಇಲ್ಲ ದೊಡ್ಡಮ್ಮ."

"ನನ್ನ ಹತ್ರ ಸುಳ್ಳು ಹೇಳ್ಬೇಡ."

"ಆಯ್ತು," ಎಂದೆ. "ತುಂಬಾ ಆಯ್ತು."

"ನಂಗೂ ಆಯ್ತು," ಎಂದಳು ಅವಳು.

ಮನೆ ಇನ್ನೂ ದೂರವಿತ್ತು. ಬಿಸಿಲು ಮೆಟ್ಟಿಲಿಗೆ ಬರುವವರೆಗೆ ನಾವು ಅಲ್ಲೇ ಕುಳಿತಿದ್ದೆವು.